ಕಿವಿಯಿಲ್ಲದ ಡ್ರ್ಯಾಗನ್ನಿಗೆ ಸೋದರತ್ತೆ

ತಾರೀಖು ಹಾಕಿ ಬರೆದಿಟ್ಟರೆ ಎಂಥ ಭಯವೂ ಅರ್ಧ ಕರಗುತ್ತದೆಂದು ನಂಬಿದವಳು ನಾನು. ಮೈಮೇಲೆ ಹಲ್ಲಿ ಬಿದ್ದದ್ದಕ್ಕೂ ನನ್ನ ಡೈರಿಯಲ್ಲಿ ತಾರೀಖಿದೆ. ಆದರೆ ಬಳ್ಳಾರಿಯಲ್ಲಿ ನಾನು ಕೆಲಸ ಮಾಡುವ ಮಕ್ಕಳ ವಸ್ತುಸಂಗ್ರಹಾಲಯಕ್ಕೆ ಚೀನೀ ಡ್ರ್ಯಾಗನ್ ಬಂದ ಮೇಲೆ ಈ ನಂಬಿಕೆ ಕುಂಟತೊಡಗಿತು. ಬ್ರೂಸ್‌ಪೇಟೆಯ ದರ್ಜಿಯೊಬ್ಬ ಬಿದಿರಿಗೆ ಕೆಂಪು ಬಟ್ಟೆ ಹೊಲಿದು ಮಾಡಿಕೊಟ್ಟ ಈ ಪ್ರಾಣಿ ಬಾಗಿಲಲ್ಲಿ ಕುಳಿತು ಮಕ್ಕಳನ್ನು ನಗಿಸಬೇಕಿತ್ತು. ಎಲ್ಲಿ ನಿಂತರೂ ಅದು ನಮ್ಮನ್ನೇ ನೋಡುತ್ತಿತ್ತು. ಫ್ಯಾನ್ ಆರಿಸಿದ ಮೇಲೂ ಅದರ ಹೊಟ್ಟೆ ಮೆಲ್ಲಗೆ ಉಬ್ಬಿ ಇಳಿಯುತ್ತಿತ್ತು. ನೋಡಲು ಬಂದ ಮಕ್ಕಳಲ್ಲಿ ಅತ್ತವರಿಗೊಂದು, ನಕ್ಕವರಿಗೊಂದು ಗೀಟು ಹಾಕುತ್ತ ಹೋದೆ. ನಗುವಿನ ಸಾಲು ಖಾಲಿಯೇ ಉಳಿಯಿತು.

"ನೋಡಮ್ಮಾ, ಇದರ ಉದ್ಘಾಟನಿ ದಿನಾನೂ ಮಕ್ಳು ಅತ್ರ ಅದು ಗೋದಾಮಿಗೆ, ನೀನು ಮನಿಗೆ," ಎಂದರು ಮೇಲಧಿಕಾರಿ. ನನ್ನದಿನ್ನೂ ತಾತ್ಕಾಲಿಕ ನೌಕರಿ. ಹೆಸರಿಟ್ಟರೆ ಭಯ ಹೋದೀತೆಂದು ಸಭೆ ಸೇರಿ, 'ಡ್ರ್ಯಾಗೇಶ' ಎಂದು ಫಲಕ ಬರೆಸಿದೆವು. ಮಕ್ಕಳು ಫಲಕ ಓದಿ ಅತ್ತವು.

ಸಿರುಗುಪ್ಪದ ಹಚ್ಚೊಳ್ಳಿಯಿಂದ ನಮ್ಮ ಮನೆಗೆ ಬಂದಿದ್ದ ಅತ್ತೆ ಇದನ್ನು ಕೇಳಿ ನಕ್ಕಳು. "ಬೋರ್ಡ್ ಹಾಕಿದ್ರ ಹೆಸರಿಟ್ಟಂಗಾತೇನ? ಕೂಸಿಗೆ ಸೋದರತ್ತಿ ಕಿವ್ಯಾಗ ಕುರ್ ಅಂದು ಹೆಸರು ಕರೀಬೇಕು. ದೃಷ್ಟಿ ತಾಕಬಾರ್ದು ಅಂದ್ರ ತಿಪ್ಪಿ ಹೆಸರಿಡಬೇಕು, ತಿಪ್ಪಣ್ಣ ಅನ್ನು. ನೀನ ಅದಕ್ಕ ಸೋದರತ್ತಿ ಆಗು."

ಉದ್ಘಾಟನೆಗೆ ಅತ್ತೆಯೂ ಬಂದಳು. ಮಕ್ಕಳು ದೂರ ನಿಂತು ಬಿಕ್ಕುತ್ತಿದ್ದವು. ದರ್ಜಿ ಡ್ರ್ಯಾಗನ್ನಿಗೆ ಕಿವಿಯನ್ನೇ ಇಟ್ಟಿರಲಿಲ್ಲ. ಕೊಂಬಿನ ಬುಡಕ್ಕೆ ಬಾಯಿಟ್ಟು, "ಕುರ್‌ರ್... ತಿಪ್ಪಣ್ಣಾ" ಎಂದೆ. ಹೆಸರು ಕರೆದ ಸೋದರತ್ತೆಯ ಬೆನ್ನಿಗೆ ಗುದ್ದುವುದು ನಮ್ಮ ಕಡೆಯ ಪದ್ಧತಿ. "ಗುದ್ರಲೇ ನಿಮ್ಮ ಮಿಸ್ಸಿಗೆ!" ಎಂದು ಅತ್ತೆ ಕೂಗಿದ್ದೇ ತಡ, ಮಕ್ಕಳು ಅಳು ಬಿಟ್ಟು ಓಡಿಬಂದು ಗುದ್ದಿದವು. ನಗುತ್ತಲೇ ಮುಂದೆ ನುಗ್ಗಿ ತಿಪ್ಪಣ್ಣನ ಮೀಸೆ ಎಳೆಯತೊಡಗಿದವು.

ಎಲ್ಲರೂ ನನ್ನೆದುರಿಗೇ ಇದ್ದಾಗ ಬೆನ್ನಿಗೆ ಇನ್ನೊಂದು ಗುದ್ದು ಬಿತ್ತು. ನಿಧಾನವಾದ, ಮೇಲೆ ಬಟ್ಟೆಯಂತೆ ಮೆತ್ತಗಿದ್ದು ಒಳಗೆ ಬಿದಿರಿನಂತೆ ಗಟ್ಟಿಯಾದ ಗುದ್ದು. ತಿರುಗಿದರೆ ಯಾರೂ ಇಲ್ಲ. ಬಾಗಿಲ ಕಡೆ ಇದ್ದ ತಿಪ್ಪಣ್ಣನ ಬಾಲ ನನ್ನ ಹಿಂದೆ ಬಂದು ಮಲಗಿತ್ತು.

ಅತ್ತೆಯ ಕಿವಿಯಲ್ಲಿ ಹೇಳಿದೆ. "ಹೂಂ, ಹೆಸರು ಒಪ್ಪಿತು ಬಿಡು ಅದಕ್ಕ," ಎಂದಳು.

ನೌಕರಿ ಕಾಯಂ ಆಯಿತು, ತಿಪ್ಪಣ್ಣನ ಉಸ್ತುವಾರಿಗೆಂದೇ. ಈಗ ಬೆನ್ನನ್ನು ಗೋಡೆಗೆ ಒತ್ತಿಕೊಂಡೇ ಬಾಗಿಲು ದಾಟುತ್ತೇನೆ. ಅದನ್ನು ಕಂಡ ಮಕ್ಕಳು, "ಹೆದರಬ್ಯಾಡ್ರಿ ಮಿಸ್, ಅದೇನೂ ಮಾಡಂಗಿಲ್ಲ," ಎಂದು ಕೈ ಹಿಡಿದು ನನ್ನನ್ನು ಒಳಗೆ ಕರೆದೊಯ್ಯುತ್ತವೆ.