ಸೊನ್ನೆ ಎಂದರೆ ಸದ್ದಿಲ್ಲ ಎಂದು ಯಾರು ಹೇಳಿದರು?

ಮೊದಲೇ ಹೇಳಿಬಿಡುತ್ತೇನೆ. ಅಂದು ನಾನು ಕೊಟ್ಟ ಆಜ್ಞೆಗಳನ್ನೆಲ್ಲ ಆ ಪೆಟ್ಟಿಗೆ ಚಾಚೂ ತಪ್ಪದೆ ಪಾಲಿಸಿತು. ಅನಾಹುತವಾದದ್ದೇ ಅದರಿಂದ. ಪಾಲಿಸದೆ ಇದ್ದಿದ್ದರೆ ನನ್ನ ಮಾನ ಉಳಿಯುತ್ತಿತ್ತು.

ಹೊಸೂರಿನ ಒಂದು ಕಾರ್ಖಾನೆಯಲ್ಲಿ ನಾನು ಮೇಂಟೆನೆನ್ಸ್ ವಿಭಾಗದವನು. ಕಂಪ್ಯೂಟರಿನಿಂದ ಒಂದು ಸೀರಿಯಲ್ ಕೇಬಲ್ ಎಳೆದು, ಎರಡಾಳೆತ್ತರದ ಯಂತ್ರಕ್ಕೆ ‘ಏಳು’ ಎಂದರೆ ಏಳುವಂತೆ, ‘ಕೂರು’ ಎಂದರೆ ಕೂರುವಂತೆ ಮಾಡುವುದು ನನ್ನ ಉದ್ಯೋಗ. ಹಾಗಾಗಿ ಬೆಂಗಳೂರಿನ ಒಂದು ಗುಜರಿ ಅಂಗಡಿಯಲ್ಲಿ, ಬೆನ್ನ ಮೇಲೆ ಅದೇ ಸೀರಿಯಲ್ ಕಿಂಡಿ ಇರುವ ಹಾಡಿನ ಆಂಪ್ಲಿಫೈಯರ್ ಕಂಡಾಗ ಬಿಟ್ಟುಬರಲು ಮನಸ್ಸಾಗಲಿಲ್ಲ. ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡೇ ತಂದೆ.

“ಇದ್ರಲ್ಲಿ ಏನಾಗುತ್ತೆ?” ಎಂದಳು ನನ್ನ ಹೆಂಡತಿ ಗಿರಿಜಾ.

“ಕಂಪ್ಯೂಟರಲ್ಲಿ ಒಂದು ಕೀ ಒತ್ತಿದ್ರೆ ಸಾಕು, ಹಾಡು ಬರುತ್ತೆ.”

“ನಮ್ಮ ಟೇಪ್ ರೆಕಾರ್ಡರಲ್ಲೂ ಒಂದು ಕೀ ಒತ್ತಿದ್ರೆ ಬರುತ್ತಲ್ಲ.”

ವಿಜ್ಞಾನದ ಹಾದಿಯಲ್ಲಿ ಇಂಥ ಮಾತುಗಳು ಸಹಜವೆಂದು ನಾನು ಕೇಬಲ್ ಜೋಡಿಸಲು ಕೂತೆ.

ಮೊದಲಿಗೆ ಅದು ತುಟಿ ಪಿಟಕ್ಕೆನ್ನಲಿಲ್ಲ. ನೋಡಿದರೆ, ಕಂಪ್ಯೂಟರಿನ ಮಾತಾಡುವ ತಂತಿಯನ್ನು ಆಂಪ್ಲಿಫೈಯರಿನ ಮಾತಾಡುವ ತಂತಿಗೇ ಜೋಡಿಸಿದ್ದೆ. ಇಬ್ಬರೂ ಮಾತಾಡುವವರು, ಕೇಳುವವರು ಯಾರೂ ಇಲ್ಲ. ತಂತಿಗಳನ್ನು ಅದಲುಬದಲು ಮಾಡಿ ಬೆಸುಗೆ ಹಾಕಿದೆ. ಆಗಲೂ ಮೌನ. ಪ್ರತಿ ಆಜ್ಞೆಯ ಕೊನೆಗೆ ‘ಎಂಟರ್’ ಗುರುತು ಕಳಿಸದಿದ್ದರೆ, ಮಾತು ಇನ್ನೂ ಮುಗಿದಿಲ್ಲವೆಂದು ಅದು ಕಾಯುತ್ತಲೇ ಕೂತಿರುತ್ತದೆ ಎಂದು ಆಮೇಲೆ ಹೊಳೆಯಿತು.

“ಪಾಪ, ನನ್ನ ಹಾಗೇ” ಎಂದಳು ಗಿರಿಜಾ.

ಎಂಟರ್ ಸೇರಿಸಿ, ಸದ್ದು ನಲವತ್ತಕ್ಕೆ ಇರಲಿ ಎಂದು ಕಳಿಸಿದೆ. ಸಿ.ಡಿ.ಯಲ್ಲಿದ್ದ ನಾದಸ್ವರ ಹದವಾದ ಸದ್ದಿನಲ್ಲಿ ಮೊಳಗಿತು. ನನ್ನ ಕಣ್ಣಲ್ಲಿ ನೀರು ಬಂತು. ಒಂದೇ ಕೊರತೆಯೆಂದರೆ, ಆಜ್ಞೆ ತಲುಪಿದ ಮೇಲೆ ಆಂಪ್ಲಿಫೈಯರು ‘ಆಯಿತು’ ಎಂದು ತಿರುಗಿ ಉತ್ತರಿಸಬೇಕು, ಆ ಉತ್ತರ ಬರುತ್ತಿರಲಿಲ್ಲ. ಬೆಸುಗೆ ಎಲ್ಲೋ ಬಿಟ್ಟಿರಬೇಕು. ಅದನ್ನು ಹುಡುಕುವ ಬದಲು, ಉತ್ತರ ಬರುವ ತನಕ ಅದೇ ಆಜ್ಞೆಯನ್ನು ಬಿಡದೆ ಕಳಿಸುತ್ತಿರುವಂತೆ ಪ್ರೋಗ್ರಾಂ ಬರೆದೆ. ಕಾರ್ಖಾನೆಯಲ್ಲಿ ಇದಕ್ಕೆ ಜಾಣತನ ಎನ್ನುತ್ತಾರೆ.

ಅದೇ ಸಮಯಕ್ಕೆ ಕೆಳಗಿನ ಮನೆಯಲ್ಲಿ ಗೋಳು ಶುರುವಾಯಿತು. ನಮ್ಮ ಮನೆ ಮಾಲೀಕರಾದ ನಾರಾಯಣಪ್ಪನವರ ಮಗಳ ನಿಶ್ಚಿತಾರ್ಥ. ಗಂಡಿನ ಕಡೆಯವರು ಜವಳಗಿರಿಯವರು, ಟೊಮೆಟೊ ಬೆಳೆಗಾರರು. ಹಿಂದೆ ಎರಡು ಸಂಬಂಧ ಮಾತಿನ ಹಂತದಲ್ಲೇ ಮುರಿದಿದ್ದರಿಂದ ನಾರಾಯಣಪ್ಪನವರು ಹೆದರಿಕೊಂಡೇ ಓಡಾಡುತ್ತಿದ್ದರು. ಅಷ್ಟರಲ್ಲಿ ಗೊತ್ತು ಮಾಡಿದ್ದ ವಾಲಗದವರು ಕೈಕೊಟ್ಟರು.

“ಮುಹೂರ್ತದ ದಿನ ಸಾರ್, ಇನ್ಯಾರೂ ಸಿಗಾಕಿಲ್ಲ. ಮಂಗಳವಾದ್ಯ ಇಲ್ದೆ ತಾಂಬೂಲ ಹೆಂಗ್ ಬದಲಾಯಿಸೋದು?” ಎಂದು ಮೆಟ್ಟಿಲ ಮೇಲೆ ಕೂತರು.

“ನಾನಿದ್ದೀನಿ” ಎಂದೆ.

ಗಿರಿಜಾ ಒಳಗಿನಿಂದ ಕೈಬಾಯಿ ಸನ್ನೆ ಮಾಡುತ್ತಿದ್ದಳು. ನಾನು ಆ ಕಡೆ ನೋಡಲಿಲ್ಲ.

ನಿಶ್ಚಿತಾರ್ಥದ ಬೆಳಿಗ್ಗೆ ಅವರ ನಡುಮನೆಯ ಮೂಲೆಯಲ್ಲಿ ಕಂಪ್ಯೂಟರ್, ಸಿ.ಡಿ. ಪ್ಲೇಯರ್, ಆಂಪ್ಲಿಫೈಯರ್, ಸೊಂಟದೆತ್ತರದ ಎರಡು ಸ್ಪೀಕರು ಇಟ್ಟು, ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಕುಳಿತೆ. ಬೀಗರು ಒಳಗೆ ಕಾಲಿಟ್ಟರು. ಕೀ ಒತ್ತಿದೆ. ನಾದಸ್ವರ ಮೊಳಗಿತು. ಗಂಡಿನ ತಂದೆ ಚಿಕ್ಕಮುನಿಯಪ್ಪನವರು ಬೆರಗಾಗಿ, “ವಾಲಗದವ್ರು ಎಲ್ಲವ್ರೆ?” ಎಂದು ಬಾಗಿಲ ಹಿಂದೆಲ್ಲ ಇಣುಕಿದರು. ನಾರಾಯಣಪ್ಪನವರು ನನ್ನತ್ತ ಕೈ ತೋರಿಸಿದರು. ಆ ಗಳಿಗೆಯಲ್ಲಿ ನನಗೆ ನನ್ನ ಮೇಲೆ ಬಹಳ ಗೌರವವಿತ್ತು.

ಲಗ್ನಪತ್ರಿಕೆ ಓದಲು ಪುರೋಹಿತರು ಕನ್ನಡಕ ಹಾಕಿಕೊಂಡು, “ಸ್ವಲ್ಪ ನಿಲ್ಲಿಸಿ” ಎಂದರು.

ನಿಲ್ಲಿಸುವುದೆಂದರೆ ಸದ್ದನ್ನು ಸೊನ್ನೆಗೆ ತರುವುದು. ಒಂದನೇ ಕ್ಲಾಸಿನ ಮಗುವೂ ಒಪ್ಪುವ ತರ್ಕ. ಸೊನ್ನೆ ಎಂದು ಬರೆದು ಎಂಟರ್ ಒತ್ತಿದೆ.

ಮನೆ ನಡುಗಿತು.

ಆ ಯಂತ್ರದ ಲೆಕ್ಕವೇ ತಿರುಗುಮುರುಗು. ಅಲ್ಲಿ ಅಂಕಿ ಎಂದರೆ ಸದ್ದನ್ನು ಎಷ್ಟು ತಗ್ಗಿಸಬೇಕು ಎಂಬುದು. ನಲವತ್ತು ಎಂದರೆ ನಲವತ್ತರಷ್ಟು ತಗ್ಗಿಸು, ಸೊನ್ನೆ ಎಂದರೆ ಚೂರೂ ತಗ್ಗಿಸಬೇಡ. ಇದು ನನಗೆ ಗೊತ್ತಾದದ್ದು ಆಮೇಲೆ. ಆ ಹೊತ್ತಿನಲ್ಲಿ ಆಜ್ಞೆ ತಲುಪಿಲ್ಲವೆಂದುಕೊಂಡು ಇನ್ನೊಮ್ಮೆ ಸೊನ್ನೆ ಒತ್ತಿದೆ. ಮತ್ತೂ ಒತ್ತಿದೆ. ಪುರೋಹಿತರ ತುಟಿ ಮಾತ್ರ ಆಡುತ್ತಿತ್ತು. ಬಂದಿದ್ದ ಮಕ್ಕಳೆಲ್ಲ ಕಿವಿ ಮುಚ್ಚಿಕೊಂಡು ಅಡಿಗೆ ಮನೆಗೆ ಓಡಿದವು.

ನಾರಾಯಣಪ್ಪನವರು ಓಡಿಬಂದು ಪೆಟ್ಟಿಗೆಯ ಗುಂಡಿ ಹಿಡಿದು ತಿರುವಿದರು. ಸದ್ದು ಇಳಿಯಿತು. ಅವರು ಕೈ ಬಿಟ್ಟರು. ನನ್ನ ಪ್ರೋಗ್ರಾಂ, ಉತ್ತರ ಬಾರದ್ದರಿಂದ, ಮತ್ತೆ ಸೊನ್ನೆ ಎಂದು ಕಳಿಸಿತು. ಸದ್ದು ಏರಿತು. ಅವರು ಮತ್ತೆ ತಿರುವಿದರು. ಅದು ಮತ್ತೆ ಏರಿತು. ಮಗಳ ಮದುವೆಗಾಗಿ ಅಷ್ಟು ಹೋರಾಡಿದ ತಂದೆಯನ್ನು ನಾನು ಬೇರೆಲ್ಲೂ ನೋಡಿಲ್ಲ.

“ಪ್ಲಗ್ ಕೀಳ್ರೀ” ಎಂದು ಗಿರಿಜಾ ಹೆಂಗಸರ ನಡುವಿನಿಂದ ಕೂಗಿದಳು.

“ಯಾರೂ ಪ್ಲಗ್ ಮುಟ್ಟಬೇಡಿ. ಎರಡೇ ನಿಮಿಷ” ಎಂದೆ. ಪ್ಲಗ್ ಕೀಳುವುದು ಗೊತ್ತಿಲ್ಲದವರು ಮಾಡುವ ಕೆಲಸ. ನಾನು ಗೊತ್ತಿರುವವನು.

ಆಗ ಅಮೋಘವಾದ ಉಪಾಯ ಹೊಳೆಯಿತು. ಸಿ.ಡಿ. ಬಿಟ್ಟು, ಏನನ್ನೂ ಜೋಡಿಸದ ಬೇರೊಂದು ಕಿಂಡಿಗೆ ಬದಲಾಯಿಸಿದರೆ ಮೌನವಲ್ಲದೆ ಇನ್ನೇನು ಬರಲು ಸಾಧ್ಯ? ಬದಲಾಯಿಸಿದೆ. ನಾದಸ್ವರ ನಿಂತಿತು. ಪುರೋಹಿತರು ಉಸಿರು ಬಿಟ್ಟು, “ವರನ ಹೆಸರು, ಚಿರಂಜೀವಿ…” ಎಂದು ಶುರುಮಾಡಿದರು.

ಆ ಪೆಟ್ಟಿಗೆಯ ಹೊಟ್ಟೆಯೊಳಗೇ ಒಂದು ರೇಡಿಯೋ ಇದೆ ಎಂಬುದನ್ನು ನಾನು ಮರೆತಿದ್ದೆ.

“ಪಾಕ್ಕ ನಲ್ಲಾ ಇರುಕ್ಕುಂ” ಎಂದು ರೇಡಿಯೋ ಪೂರ್ಣ ಸದ್ದಿನಲ್ಲಿ ತಮಿಳಿನಲ್ಲಿ ಗರ್ಜಿಸಿತು. “ಆನಾ ಉಳ್ಳೇ ಪುಳು ಇರುಕ್ಕುಂ.”

ನೋಡಲು ಚೆನ್ನಾಗಿರುತ್ತದೆ, ಆದರೆ ಒಳಗೆ ಹುಳು ಇರುತ್ತದೆ. ಹೊಸೂರಿನಲ್ಲಿ ಇದನ್ನು ಯಾರಿಗೂ ಅನುವಾದಿಸಿ ಹೇಳಬೇಕಾಗಿಲ್ಲ. ಇಡೀ ನಡುಮನೆ ತಿರುಗಿ ವರನನ್ನು ನೋಡಿತು. ಅವನು ತನ್ನ ಶರ್ಟನ್ನು ನೋಡಿಕೊಂಡ. ನಾರಾಯಣಪ್ಪನವರು ಗೋಡೆಗೆ ಒರಗಿ ಕಣ್ಣು ಮುಚ್ಚಿದರು. ಮೂರನೇ ಸಂಬಂಧವೂ ಹೋಯಿತೆಂದು ಅವರ ಮುಖದಲ್ಲೇ ಬರೆದಿತ್ತು.

“ಇದಕ್ಕು ಒರೇ ಒರು ಮರುಂದು” ಎಂದು, ಇದಕ್ಕೆ ಒಂದೇ ಒಂದು ಮದ್ದು ಎಂದು, ರೇಡಿಯೋ ಮುಂದುವರಿಸಿತು. ಅಷ್ಟರಲ್ಲಿ ಗಿರಿಜಾ ಸೀರೆ ಎತ್ತಿ ಕಟ್ಟಿ, ನಾಲ್ಕು ಜನರನ್ನು ದಾಟಿ ಬಂದು ಪ್ಲಗ್ ಕಿತ್ತು ಎಸೆದಳು.

ಕಿವಿ ಗುಂಯ್ ಎನ್ನುವ ಮೌನ. ಆ ಮೌನದಲ್ಲಿ ಚಿಕ್ಕಮುನಿಯಪ್ಪನವರು ಎದ್ದು ನಿಂತರು. ಮುಖ ಕೆಂಪಾಗಿತ್ತು.

“ಯಾಕಮ್ಮಾ ನಿಲ್ಲಿಸ್ಬುಟ್ಟೆ?” ಎಂದರು. “ನಮ್ ಟೊಮೆಟೊ ತೋಟದಾಗೆ ಅದೇ ಹುಳ. ಎಲ್ಡು ಬೆಳೆ ತಿಂದಾಕ್ಬುಡ್ತು. ಔಸ್ದಿ ಹೆಸ್ರು ಹೇಳೋ ಟೈಮಿಗೆ ಕಿತ್ ಹಾಕ್ಬುಟ್ಯಲ್ಲ.”

ಗಿರಿಜಾ ಪ್ಲಗ್ ಮತ್ತೆ ಸಿಕ್ಕಿಸಲು ಹೋದಳು. ಪುರೋಹಿತರು ಎರಡೂ ಕೈ ಚಾಚಿ ಅಡ್ಡ ನಿಂತರು.

ಲಗ್ನಪತ್ರಿಕೆ ಓದಿದ್ದಾಯಿತು, ತಾಂಬೂಲ ಬದಲಾಯಿತು. ಮಂಗಳವಾದ್ಯಕ್ಕೆ ನಾರಾಯಣಪ್ಪನವರ ತಾಯಿ ಪೂಜೆಯ ಗಂಟೆ ಅಲ್ಲಾಡಿಸಿದರು. ಊಟಕ್ಕೆ ಕೂತಾಗ ಚಿಕ್ಕಮುನಿಯಪ್ಪನವರು ಹುಡುಕಿಕೊಂಡು ಬಂದು ನನ್ನ ಪಕ್ಕದ ಎಲೆಗೇ ಕೂತರು.

“ಸಾರ್, ನಿಮ್ ಪೆಟ್ಟಿಗೇಲಿ ಹಿಂದಕ್ಕೋಗಿ ಅದೇ ಮಾತ್ನ ಇನ್ನೊಂದ್ಸಲ ಕೇಳ್ಸಾಕಾಯ್ತದಾ?”

ರೇಡಿಯೋದಲ್ಲಿ ಹೋದ ಮಾತು ಹೋಯಿತು. ಪ್ರಪಂಚದ ಯಾವ ಸೀರಿಯಲ್ ಕೇಬಲಿನಿಂದಲೂ ಅದನ್ನು ವಾಪಸು ಕರೆಯಲಾಗದು. ಅಷ್ಟನ್ನೇ ಹೇಳಿದ್ದರೆ ಮುಗಿಯುತ್ತಿತ್ತು.

“ಆಗುತ್ತೆ. ಸ್ವಲ್ಪ ಕೆಲಸ ಬಾಕಿ ಇದೆ” ಎಂದೆ.

ಎದುರು ಸಾಲಿನಲ್ಲಿದ್ದ ಗಿರಿಜಾ ಪಾಯಸದ ಲೋಟವನ್ನು ಕೆಳಗಿಟ್ಟಳು.

ಮದುವೆ ಚೆನ್ನಾಗಿ ನಡೆಯಿತು. ಸಂಬಂಧ ಉಳಿದದ್ದು ನನ್ನ ರೇಡಿಯೋದಿಂದ ಎಂದು ನಾನು ಇಂದಿಗೂ ವಾದಿಸುತ್ತೇನೆ, ಗಿರಿಜಾ ಇಂದಿಗೂ ಒಪ್ಪುವುದಿಲ್ಲ. ಆದರೆ ಆ ಔಷಧಿಯ ಹೆಸರನ್ನು ಬಲ್ಲ ದೊಡ್ಡ ಸಾರ್ ಒಬ್ಬರು ಹೊಸೂರಿನಲ್ಲಿದ್ದಾರೆಂದು ಜವಳಗಿರಿಯ ಕಡೆ ಹೇಗೋ ಸುದ್ದಿ ಹಬ್ಬಿಬಿಟ್ಟಿತು. ಮೊನ್ನೆ ಭಾನುವಾರ ಗುರುತಿಲ್ಲದ ರೈತರೊಬ್ಬರು ಬಂದು, ಪ್ಲಾಸ್ಟಿಕ್ ಕವರಿನಿಂದ ಬದನೆ ಗಿಡದ ತೂತುಬಿದ್ದ ಎಲೆಯೊಂದನ್ನು ತೆಗೆದು ನನ್ನ ಕೈಗಿಟ್ಟರು. ನಾನು ಅದನ್ನು ಬೆಳಕಿಗೆ ಹಿಡಿದೆ. ಹಿಂದೆ ತಿರುಗಿಸಿ ನೋಡಿದೆ, ಮುಂದೆ ತಿರುಗಿಸಿ ನೋಡಿದೆ. ಮೂಸಿಯೂ ನೋಡಿದೆ.

“ಕೂತ್ಕೊಳ್ಳಿ, ಹೇಳ್ತೀನಿ” ಎಂದೆ.