ನಾಜೂಕು ಗಾಡಿ

ಒಂದು ಮಾತನ್ನು ಅರ್ಧ ಮಾತ್ರ ತಿಳಿದುಕೊಂಡು ಪೂರ್ತಿ ತಿಳಿದವನಂತೆ ತಲೆ ಅಲ್ಲಾಡಿಸುವ ಚಟ ನನಗೆ ಮೊದಲಿನಿಂದಲೂ ಇದೆ. ಬಸವಕಲ್ಯಾಣದ ನನ್ನ ಜವಳಿ ಅಂಗಡಿಯಲ್ಲಿ ಈ ಚಟದಿಂದ ಯಾರ ಜೀವಕ್ಕೂ ಅಪಾಯವಾಗಿರಲಿಲ್ಲ. ಒಂದು ಪುಟ್ಟ ಕಾರು ಕೊಂಡಾಗ ಆಯಿತು. ಅದನ್ನು ತಂದು ತೋರಿಸಿದ ದಲ್ಲಾಳಿ ಬಾನೆಟ್ಟಿನ ಮೇಲೆ ಮೆಲ್ಲಗೆ ಕೈಯಾಡಿಸಿ, "ಭಾಳ ನಾಜೂಕ ಗಾಡಿ ಅದರಿ ಸಾವ್ಕಾರ್ರ" ಎಂದ. ನಾಜೂಕು ಎಂದರೆ ಜವಳಿಯವನಿಗೆ ಸೀರೆಯ ಅಂಚು ನೆನಪಾಗುತ್ತದೆ. ನಾನು ಖುಷಿಯಿಂದ ತಲೆ ಅಲ್ಲಾಡಿಸಿದೆ. ಉಳಿಯುವ ಭರವಸೆ ಇಲ್ಲದ ರೋಗಿಯ ಹಾಲತ್ತು, ಅಂದರೆ ಸ್ಥಿತಿ, ನಾಜೂಕು ಎಂದೂ ನಮ್ಮ ಕಡೆ ಹೇಳುತ್ತಾರೆಂಬುದು ಆಗ ಹೊಳೆಯಲಿಲ್ಲ.

ಕಾರು ಎಷ್ಟು ಸಣ್ಣದೆಂದರೆ, ನನ್ನ ಮೊಣಕಾಲಿಗೂ ಎದುರಿನ ಲಾರಿಗೂ ನಡುವೆ ಒಂದು ತಗಡು ಮಾತ್ರ ಇರುತ್ತಿತ್ತು. ಪೂಜೆಯ ದಿನ ಎಲ್ಲರಂತೆ ಗಾಲಿಯ ಮುಂದಿನ ಕಲ್ಲಿಗೆ ಕಾಯಿ ಒಡೆಯದೆ, ಪೂಜೆ ಗಾಡಿಗೇ ತಾನೆ ಎಂದು ಬಂಪರಿಗೆ ಕುಕ್ಕಿದೆ. ಬಂಪರು ತಗ್ಗು ಬಿತ್ತು. ಕಾಯಿಗೆ ಏನೂ ಆಗಲಿಲ್ಲ. ಹೆಂಡತಿ ಗುರಮ್ಮ ಕಾಯಿಯನ್ನು ತಿರುಗಿಸಿ ನೋಡಿ, "ಏನ್ರಿ, ಈ ಕಾಯಾಗ ಕುಂತು ಹೋದ್ರ ಛಲೋ ಅನಸ್ತದ" ಎಂದಳು.

ಅವಳಿಗೆ ನಿಜವಾಗಿಯೂ ಹೆದರಿಕೆ ಇತ್ತು. ಹುಮನಾಬಾದಿನಲ್ಲಿ ಅವಳ ತಾಯಿ ಹಾಸಿಗೆ ಹಿಡಿದಿದ್ದರು, ವಾರಕ್ಕೊಮ್ಮೆ ಹೋಗಲೇಬೇಕು. "ನಾ ಬಸ್ಸಿಗೇ ಹೋಗ್ತೀನ್ರಿ" ಎಂದಳು. ಬಾಗಿಲಲ್ಲಿ ಕಾರು ನಿಲ್ಲಿಸಿಕೊಂಡು ಹೆಂಡತಿಯನ್ನು ಬಸ್ಸಿಗೆ ಕಳಿಸಿದರೆ ಊರವರು ಏನೆಂದಾರು? ಹಟ ಹಿಡಿದು ಕೂಡಿಸಿಕೊಂಡು ಹೊರಟೆ. ಹೆದ್ದಾರಿಯಲ್ಲಿ ಹೈದರಾಬಾದಿನ ಲಾರಿ ಒಂದೊಂದು ಪಕ್ಕದಿಂದ ಹೋದಾಗಲೂ ನಮ್ಮ ಗಾಡಿ ತಾನಾಗಿ ಒಂದು ಗೇಣು ಸರಿದು ದಾರಿ ಬಿಡುತ್ತಿತ್ತು.

ಹುಮನಾಬಾದ್ ಇನ್ನೇನು ಬಂತು ಎನ್ನುವಾಗ ಎಮ್ಮೆಯೊಂದು ಅಡ್ಡ ಬಂತು. ಬ್ರೇಕು ಒತ್ತಿದರೂ ಹೋಗಿ ಗುದ್ದಿದೆವು. ಎಮ್ಮೆ ಮುಖ ತಿರುಗಿಸಿ ನಮ್ಮನ್ನು ನೋಡಿ ಮೆಲುಕು ಹಾಕಿತು. ಗಾಡಿಯ ಮೂತಿ ನನ್ನ ತೊಡೆಯವರೆಗೆ ಬಂದಿತ್ತು. ಓಡಿಬಂದ ಎಮ್ಮೆಯವನು ಮೊದಲು ಅದರ ಪಕ್ಕೆ ಸವರಿದ, ಆಮೇಲೆ ನಮ್ಮ ಕಡೆ ಬಂದ. "ಎಮ್ಮಿಗಿ ಏನೂ ಆಗಿಲ್ಲ ಬಿಡ್ರಿ ಸಾವ್ಕಾರ್ರ. ನಿಮ್ಮ ಗಾಡಿ ಹಾಲತ್ತೇ ನಾಜೂಕ ಅದ" ಎಂದ. ಆ ಮಾತಿನ ಉಳಿದ ಅರ್ಧ ನನಗೆ ತಿಳಿದದ್ದು ಆಗ.

ನನ್ನ ಎದೆಗೆ ಸ್ಟೀರಿಂಗ್ ತಾಗಿರಲಿಲ್ಲ. ಯಾಕೆಂದರೆ ಗುದ್ದುವ ಕ್ಷಣದಲ್ಲಿ ಗುರಮ್ಮನ ಕೈ ನಡುವೆ ಅಡ್ಡ ಬಂದಿತ್ತು. ಮಣಿಕಟ್ಟು ಮುರಿದದ್ದು ಅವಳದು. ನನ್ನ ಎರಡೂ ಕೈ ಸ್ಟೀರಿಂಗನ್ನೇ ಹಿಡಿದುಕೊಂಡಿದ್ದವು. ಇದನ್ನು ನೆನೆದರೆ ಇವತ್ತಿಗೂ ನಾಚಿಕೆಯಾಗುತ್ತದೆ.

ಗಾಡಿ ರಿಪೇರಿ ಮಾಡಿಸಿ ಮಾರಲು ಹೊರಟೆ. ಕೊಡಂಬಲದ ರೈತರೊಬ್ಬರು ನೋಡಲು ಬಂದರು. "ಗಾಡಿ ಹ್ಯಾಂಗದರಿ?" ಎಂದರು. ನನ್ನ ಕೈ ತಾನಾಗಿ ಬಾನೆಟ್ಟಿನ ಮೇಲೆ ಹೋಯಿತು. "ಭಾಳ ನಾಜೂಕ ಅದರಿ" ಎಂದೆ. ಅವರು ಖುಷಿಯಿಂದ ತಲೆ ಅಲ್ಲಾಡಿಸಿದರು. ಕೈಗೆ ಪಟ್ಟಿ ಕಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದ ಗುರಮ್ಮ, "ಅವ್ರ ಮನಿಯಾಕಿನೂ ಗಾಡ್ಯಾಗ ಅವ್ರ ಬಾಜೂಕ ಕೂಡ್ತಾಳೇನು, ಕೇಳ್ರಿ" ಎಂದಳು.

ಕೇಳುವ ಧೈರ್ಯ ಬರಲಿಲ್ಲ, ಮಾರುವ ಧೈರ್ಯವೂ ಹೋಯಿತು. ಗಾಡಿ ಅಂಗಡಿಯ ಮುಂದೆಯೇ ನಿಂತಿದೆ. ನಾವೀಗ ಬಸ್ಸಿಗೆ ಹೋಗುತ್ತೇವೆ. ಬಸ್ಸಿನವನು ಬ್ರೇಕು ಹಾಕಿದಾಗಲೂ ಅವಳ ಕೈ ನನ್ನ ಎದೆಗೆ ಅಡ್ಡ ಬರುತ್ತದೆ. ನನ್ನ ಎರಡೂ ಕೈ ಮುಂದಿನ ಸೀಟಿನ ಕಂಬಿ ಹಿಡಿದಿರುತ್ತವೆ.