ಟಾನಿಕ್ಕಿಗೆ ನಾನು ಹಿಡಿದ ಪಥ್ಯ

ಯುದ್ಧದ ಕಾಲ. ಸಂತೇಬೆನ್ನೂರಿನಲ್ಲಿ ಇಂಗ್ಲಿಷ್ ಬಲ್ಲವರನ್ನು ಬೆರಳಲ್ಲಿ ಎಣಿಸಬಹುದಿತ್ತು. ಆ ಬೆರಳುಗಳಲ್ಲಿ ಹೆಬ್ಬೆರಳು ನಾನೇ! ಶಾಲೆಯ ಇಂಗ್ಲಿಷ್ ಮೇಷ್ಟ್ರು. ಇಂಥ ಪಂಡಿತನ ಕೆಲಸ ಖಾಯಂ ಆಗಲು ಇದ್ದ ಅಡ್ಡಿ ಒಂದೇ, ನನ್ನ ತೂಕ. ಚನ್ನಗಿರಿಯ ಡಾಕ್ಟರು ನನ್ನನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿ, ಮುಳ್ಳು ಸರಿಯಾಗಿ ಅಲುಗಾಡಲಿಲ್ಲವೆಂದು ಯಂತ್ರವನ್ನೇ ಎರಡು ಸಲ ತಟ್ಟಿ ನೋಡಿದರು.

"ಆರು ಪೌಂಡು ಕಮ್ಮಿ ಇದ್ದೀರಿ. ಈ ಟಾನಿಕ್ ತಗೊಂಡು ಒಂದು ತಿಂಗಳು ಬಿಟ್ಟು ಬನ್ನಿ. ತೂಕ ಬಂದರೆ ಸರ್ಟಿಫಿಕೇಟು, ಇಲ್ಲದಿದ್ದರೆ ಇಲ್ಲ."

ಆರು ಪೌಂಡು! ಅದೇನು ಮಹಾ! ಸೀಸೆಯನ್ನು ಎದೆಗವಚಿಕೊಂಡು ಇದ್ದಿಲಿನಿಂದ ಓಡುವ ಬಸ್ಸು ಹತ್ತುವಾಗಲೇ ಎರಡು ಪೌಂಡು ಏರಿದ ಹಾಗಿತ್ತು.

ಮನೆಯಲ್ಲಿ ನನ್ನ ಹೆಂಡತಿ ಗೌರಮ್ಮ ಸೀಸೆಯನ್ನು ದೇವರ ಮುಂದಿಟ್ಟು ಕೇಳಿದಳು: "ರೀ, ಇದಕ್ಕೆ ಪಥ್ಯ ಏನಂತೆ?"

"ಡಾಕ್ಟರು ಏನೂ ಹೇಳಲಿಲ್ಲ."

"ಮರೆತಿರಬೇಕು. ಪಥ್ಯ ಇಲ್ಲದ ಔಷಧಿ ಎಲ್ಲೈತೆ?"

ಮಾತು ಸರಿ ಎನಿಸಿತು. ಪಕ್ಕದ ಮನೆಯ ರುದ್ರಣ್ಣನನ್ನು ಕರೆಸಿದೆವು. ತಾಲ್ಲೂಕಿನ ಪಂಡಿತರೆಲ್ಲರ ಕಷಾಯ ಕುಡಿದು ಬದುಕುಳಿದವರು. ಪಥ್ಯದ ವಿಷಯದಲ್ಲಿ ಅವರದೇ ಕೊನೆಯ ತೀರ್ಪು. ಸೀಸೆಯನ್ನು ಬೆಳಕಿಗೆ ಹಿಡಿದರು, ಮೂಸಿದರು, ಕಣ್ಣು ಮುಚ್ಚಿದರು.

"ಉಷ್ಣದ ಔಷಧಿ ಐತೆ ಮೇಷ್ಟ್ರೇ. ಮುದ್ದೆ, ರೊಟ್ಟಿ ಬಿಡ್ರಿ. ಬದನೆಕಾಯಿ ಮುಟ್ಟಾಕೆ ಹೋಗಬ್ಯಾಡ್ರಿ. ಉಪ್ಪು, ಹುಳಿ, ಖಾರ ಬ್ಯಾಡ."

"ಮಜ್ಜಿಗೆ?"

"ತಂಪು ಬಿದ್ರೆ ಔಷಧಿಗೂ ಅದಕ್ಕೂ ಜಗಳ ಹತ್ತತೈತೆ."

"ತುಪ್ಪ?"

"ಅಯ್ಯೋ! ಔಷಧಿ ಜಾರಿ ಹೋಗತೈತೆ!"

ಕೊನೆಗೆ ಉಳಿದದ್ದು ಉಪ್ಪಿಲ್ಲದ ಗಂಜಿ. ನಾನು ಆ ಕ್ಷಣದಿಂದಲೇ ವ್ರತಸ್ಥನಾದೆ. ಪಥ್ಯ ಮುರಿಯದಂತೆ ಕಾಯಲು ರುದ್ರಣ್ಣ ದಿನವೂ ಊಟದ ಹೊತ್ತಿಗೆ ತಪ್ಪದೆ ಬಂದರು. ನನ್ನ ಪಾಲಿನ ಎಣ್ಣೆಗಾಯಿ ಪಲ್ಯವನ್ನು, "ಮಾಡಿದ್ದು ಹಾಳಾಗಬಾರದು ನೋಡ್ರಿ" ಎಂದು ಬಹಳ ಬೇಸರದಿಂದ ತಿಂದು ಮುಗಿಸಿದರು. ಬೇಸರ ಎಷ್ಟೆಂದರೆ, ಎರಡನೆಯ ಸಲವೂ ಬಡಿಸಿಕೊಳ್ಳುತ್ತಿದ್ದರು!

ಎರಡನೆಯ ವಾರ ಬೋರ್ಡಿನ ಮೇಲೆ ಬರೆಯಲು ಕೈ ಎತ್ತಿದರೆ ಕಣ್ಣಿಗೆ ಕತ್ತಲೆ ಕಟ್ಟಿತು. ರುದ್ರಣ್ಣನಿಗೆ ಹೇಳಿದೆ.

"ಔಷಧಿ ಹಿಡೀತಾ ಐತೆ!" ಎಂದರು.

ಗೌರಮ್ಮನ ಕರುಳು ಮಾತ್ರ ತಡೆಯಲಿಲ್ಲ. "ಹಾಳಾಗಿ ಹೋಗ್ಲಿ, ಅರ್ಧ ಮುದ್ದೆ ತಿನ್ರೀ. ನಿಮ್ಮನ್ನ ಹಿಂಗೆ ನೋಡಾಕೆ ಆಗವಲ್ದು."

"ಗೌರಾ! ನಾಲಿಗೆಯ ಚಪಲಕ್ಕಾಗಿ ಖಾಯಂ ನೌಕರಿಯನ್ನು ಬಲಿ ಕೊಡಲಾರೆ!" ಎಂದು ಗುಡುಗಿದೆ. ಗುಡುಗಿದ ಸುಸ್ತಿಗೆ ಅಲ್ಲೇ ಕುಳಿತೆ.

ತಿಂಗಳು ತುಂಬಿತು. ನನ್ನನ್ನು ಹಿಡಿದುಕೊಳ್ಳಲು ಒಬ್ಬರು ಬೇಕಾಗಿದ್ದರಿಂದ ರುದ್ರಣ್ಣನೂ ಚನ್ನಗಿರಿಗೆ ಬಂದರು. ಡಾಕ್ಟರು ತಲೆಯೆತ್ತಿ ನೋಡಿದವರೇ ಎದ್ದು ಬಂದು ರುದ್ರಣ್ಣನ ಕೈ ಕುಲುಕಿದರು.

"ಭೇಷ್ ಮೇಷ್ಟ್ರೇ! ಗುರುತೇ ಸಿಗಲಿಲ್ಲ ನೋಡಿ! ಟಾನಿಕ್ ಚೆನ್ನಾಗಿ ಹಿಡಿದಿದೆ. ಇವರು ಯಾರು, ನಿಮ್ಮ ತಂದೆಯವರೇ?"

ನಾನೇ ಹೋಗಿ ಯಂತ್ರದ ಮೇಲೆ ನಿಂತೆ. ಇದ್ದ ತೂಕದಲ್ಲೂ ಐದು ಪೌಂಡು ಇಳಿದಿತ್ತು! ಡಾಕ್ಟರು ಗಾಬರಿಯಾಗಿ ಏನೇನು ತಿಂದಿರೆಂದು ಕೇಳಿದರು. ನಾನು ಹೆಮ್ಮೆಯಿಂದಲೇ ನನ್ನ ಪಥ್ಯವನ್ನು ವರ್ಣಿಸಿದೆ. ಅವರು ಅಂಥದ್ದೇ ಇನ್ನೊಂದು ಸೀಸೆ ತಂದು ನನ್ನ ಕೈಗಿಟ್ಟರು.

"ಮೇಲೆ ಅಂಟಿಸಿರೋದನ್ನ ಗಟ್ಟಿಯಾಗಿ ಓದಿ."

ಇಂಗ್ಲಿಷ್! ತರಗತಿಯ ಗತ್ತಿನಲ್ಲೇ ಓದಿದೆ.

"ಈಗ ಕನ್ನಡದಲ್ಲಿ ಅರ್ಥ ಹೇಳಿ."

"ದಿನವೂ... ಹೊಟ್ಟೆ ತುಂಬ ಊಟ ಮಾಡಿ... ಅದರ ಜೊತೆಗೆ ಎರಡು ಚಮಚ..." ಮೂವತ್ತು ದಿನ ಆ ಸೀಸೆ ನನ್ನ ಕಣ್ಣೆದುರಿಗೇ ಇತ್ತು. ಪಥ್ಯ ಎಲ್ಲರಿಗೂ ಗೊತ್ತಿರುವುದೇ, ಅದರಲ್ಲಿ ಓದುವುದೇನಿದೆ ಎಂದುಕೊಂಡಿದ್ದೆ.

"ತೂಕಕ್ಕೆ ಇನ್ನೊಂದು ತಿಂಗಳು ಕೊಡ್ತೀನಿ. ಮುದ್ದೆ ತಿನ್ನಿ, ಬಂದುಬಿಡುತ್ತೆ," ಎಂದು ಡಾಕ್ಟರು ಕಾಗದ ಎಳೆದುಕೊಂಡರು. "ಇಲ್ಲಿ ಬರೀಬೇಕು, ಮರೆತೇಹೋಗಿದೆ. ಶಾಲೆಯಲ್ಲಿ ನೀವು ಯಾವ ವಿಷಯ ಹೇಳಿಕೊಡೋದು?"

ನಾನು ರುದ್ರಣ್ಣನ ಮುಖ ನೋಡಿದೆ. ಅವರು ಸೂರು ನೋಡಿದರು.

"ಲೆಕ್ಕ," ಎಂದೆ.